ಅಮಾವಾಸ್ಯೆಯಲ್ಲಿ ಆಡಿದ ಮಗ್ಗ

ನಮ್ಮ ಬೀದಿಯಲ್ಲಿ ಮೂವತ್ತೊಂದು ಮಗ್ಗ. ಮೂವತ್ತೊಂದನ್ನೂ ನಾನು ಬಾಯಲ್ಲಿ ನೇಯಬಲ್ಲೆ, ಕೈಯಲ್ಲಿ ಒಂದನ್ನೂ ನೇಯಲಾರೆ. ಶಾಲೆಯಲ್ಲಿ ಮಗ್ಗಿ ಕಲಿತವನು ಮನೆಯಲ್ಲಿ ಮಗ್ಗ ಕಲಿಯಲಿಲ್ಲ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಮದರಾಸಿಗೆ ಹೋಗಿ ಬಿ.ಎ. ಮುಗಿಸಿ ತುಡಿಯಲೂರಿಗೆ ವಾಪಸು ಬಂದಾಗ ಎದುರುಮನೆ ರಾಮಲಿಂಗಂ ಆ ಎರಡಕ್ಷರವನ್ನು ‘ಬೀದಿ ಅಲೆಯೋವ್ನು’ ಎಂದು ಬಿಡಿಸಿ ಓದಿದ. ಸಾವಿರದ ಒಂಬೈನೂರ ಮೂವತ್ತೈದರಲ್ಲಿ ಕೆಲಸವಿಲ್ಲದ ಪದವೀಧರನಿಗೆ ಅದಕ್ಕಿಂತ ಒಳ್ಳೆಯ ಅರ್ಥ ಯಾವ ನಿಘಂಟಿನಲ್ಲೂ ಇರಲಿಲ್ಲ.

ಕೋಯಮತ್ತೂರು ಪಕ್ಕದ ತಮಿಳು ಊರಿನಲ್ಲಿ ಕನ್ನಡ ಆಡುವ ನಮ್ಮ ಬೀದಿಯ ಎಜಮಾನ ನನ್ನ ಸೋದರಮಾವ ತಿರುಮಲೈಸಾಮಿ. ನೂಲು ಬರುವುದು ಅವನ ಮೂಲಕ, ಸೀರೆ ಹೋಗುವುದು ಅವನ ಮೂಲಕ, ಯಾರ ಮಗ್ಗಕ್ಕೆ ಯಾವ ಹಾಸುನೂಲು ಎಂದು ಹೇಳುವವನೂ ಅವನೇ. ದಿನಾ ಬೆಳಗ್ಗೆ, ಮಗ್ಗಗಳು ಶುರುವಾದ ಅರ್ಧ ಗಂಟೆಗೆ, ಬಾಯಲ್ಲೊಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಪ್ರತಿ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲುವುದು, ಕಡ್ಡಿ ಜಗಿಯುವುದು, ಮುಂದೆ ಹೋಗುವುದು. ಒಳಗೆ ಇಣುಕುವುದಿಲ್ಲ, ಮಾತಿಲ್ಲ.

“ಯಾರ್ ತಡವಾಗಿ ಎದ್ರು ಅಂತ ನೋಡಾಕೆ ಬರ್ತಾನೆ” ಎಂದು ರಾಮಲಿಂಗಂ ಲಾಳಿ ಎಳೆಯುತ್ತಲೇ ಹೇಳುತ್ತಿದ್ದ. “ಹಲ್ಲುಜ್ಜೋದಂತೆ! ಮೂವತ್ತೊಂದ್ ಮನೆ ಮುಂದೆ ಉಜ್ಜಾಕೆ ಅವನ ಬಾಯಲ್ಲಿ ಮೂವತ್ತೊಂದ್ ಹಲ್ಲಾದ್ರೂ ಐತಾ?”

ನಾನೂ ನಕ್ಕಿದ್ದೆ. ನಾನೂ ಹಾಗೇ ನಂಬಿದ್ದೆ.

ಆ ವರ್ಷ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಮಾಮ ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅತ್ತೆ ಪೆರಿಯನಾಯಕಿ ಅಡುಗೆಮನೆಯಲ್ಲಿದ್ದಾಳೆ ಎಂದು ಎರಡು ಸಲ ಖಾತ್ರಿ ಮಾಡಿಕೊಂಡ.

“ಗೋಪಾಲು, ನೀನು ಎಲ್ಲಾರ್ ಹಂಗೂ ಮಾತಾಡ್ತೀಯಲ್ಲ. ಮಗ್ಗ ಮಾತಾಡ್ದಂಗೆ ಮಾತಾಡ್ತೀಯಾ?”

“ಯಾರ್ ಮಗ್ಗ ಮಾಮಾ?”

“ರಾಮಲಿಂಗಂದು.”

ಮಾಡಿದೆ. ಟಡಕ್-ಟಕ್, ಟಡಕ್-ಟಕ್, ಮೆಟ್ಟುಪಾಳ್ಯಂ ರೈಲು ಹಳಿ ಬದಲಾಯಿಸುವ ಹಾಗೆ, ಮಧ್ಯೆ ಮಧ್ಯೆ ರಾಮಲಿಂಗಂ ಕೆಮ್ಮನ್ನೂ ಸೇರಿಸಿ. ಮಾಮ ಬಲಗಿವಿಯನ್ನು ನನ್ನ ಬಾಯಿಗೆ ಅಂಟಿಸಿಕೊಂಡು ನಿಂತಿದ್ದ. ಕಣ್ಣು ಮುಚ್ಚಿತ್ತು.

“ಎರಡು ವರ್ಷ ಆಯ್ತು ಡಾ ಇದನ್ನ ಕೇಳಿ” ಅಂದ. “ಕಿವಿ ಮಂದ ಆಗೈತೆ. ಮಾತು ಹತ್ರ ಬಂದು ಹೇಳಿದ್ರೆ ತಿಳೀತದೆ. ಮಗ್ಗ ಮಾತ್ರ ಬೀದೀಲಿ ನಿಂತ್ರೆ ಎಲ್ಲಾ ಒಂದೇ. ತುಂಬಿದ್ ಕೊಡದೊಳಗೆ ಕಲ್ಲು ಹಾಕ್ದಂಗೆ. ಯಾರಿಗೂ ಹೇಳ್ಬ್ಯಾಡ. ನಾಳೆಯಿಂದ ನೀನೂ ನನ್ ಜೊತೆ ಬಾ. ಕೇಳ್ಕೊ. ಮನೆಗೆ ಬಂದು ನನ್ ಕಿವೀಲಿ ನೇಯಿ.”

ಹೀಗೆ ನನಗೊಂದು ಉದ್ಯೋಗವಾಯಿತು. ಎಜಮಾನನ ಕಿವಿ. ಊರಿಗೆಲ್ಲ ಕಿವಿ ಚುಚ್ಚುವವರು ಇರುತ್ತಾರೆ, ಕಿವಿ ಆಗುವವನು ನಾನೊಬ್ಬನೇ.

ನನಗೆ ಅದು ಆಟ. ಒಂದೊಂದು ಮಗ್ಗಕ್ಕೂ ಒಂದೊಂದು ವೇಷ. ಮಾಮನಿಗೆ ಮಾತ್ರ ಅದು ಬೇರೆ ಏನೋ. “ಇನ್ನೊಂದ್ ಸಲ” ಅನ್ನುವನು. “ಈ ಬಡಿತ ನಿನ್ನೆ ಹಿಂಗಿತ್ತಾ?” ಅನ್ನುವನು. ಒಂದು ದಿನ ಮೂರನೇ ಮನೆಯ ಮಗ್ಗ ಬೆಳಗ್ಗೆಯೇ ಎಳೆದೆಳೆದು ಬಡಿಯುತ್ತಿತ್ತು ಎಂದು ನಾನು ಆಕಳಿಸುತ್ತಾ ಮಾಡಿ ತೋರಿಸಿದೆ. ಆ ಮಧ್ಯಾಹ್ನ ಅತ್ತೆ ಒಂದು ಚೊಂಬು ಹಾಲನ್ನು ಆ ಮನೆಗೆ ತೆಗೆದುಕೊಂಡು ಹೋದಳು. ಅಲ್ಲಿ ಕೂಸಿಗೆ ಹಾಲಿಲ್ಲದೆ ಅಪ್ಪ-ಅಮ್ಮ ಇಬ್ಬರೂ ಇರುಳೆಲ್ಲ ಎದ್ದಿದ್ದರಂತೆ. ಎರಡನ್ನೂ ಕೂಡಿಸಿ ನೋಡುವಷ್ಟು ಗಣಿತ ನಾನು ಬಿ.ಎ.ಯಲ್ಲಿ ಓದಿರಲಿಲ್ಲ.

ಎರಡು ತಿಂಗಳು ಕಳೆದು, ಪುರಟಾಸಿ ತಿಂಗಳ ಕೊನೆಗೆ ಮಾಮನಿಗೆ ನೆಗಡಿ, ಜ್ವರ. ಅತ್ತೆ ಕಂಬಳಿ ಹೊದಿಸಿ ಮಲಗಿಸಿದಳು. ಶುಕ್ರವಾರ ನನ್ನೊಬ್ಬನನ್ನೇ ಕಳಿಸಿದರು.

ನಾನು ಹೋದೆ. ಬೀದಿಗಲ್ಲ, ಸ್ಟೇಷನ್ ಹತ್ತಿರದ ಕಾಫಿ ಕ್ಲಬ್ಬಿಗೆ. ಅಲ್ಲಿ ಪೇಪರ್ ಬರುತ್ತಿತ್ತು. ಪಕ್ಕದ ಗಣಪತಿ ಎಂಬ ಊರಲ್ಲಿ ಹೊಸದಾಗಿ ಕರೆಂಟಿನ ಗಿರಣಿ ಏಳುತ್ತಿದೆ, ಇಂಗ್ಲಿಷ್ ಬಲ್ಲ ಗುಮಾಸ್ತರು ಬೇಕು ಎಂದು ಯಾರೋ ಹೇಳಿದ್ದರು. ಜಾಹೀರಾತು ಹುಡುಕಿದೆ. ಎರಡು ಲೋಟ ಕಾಫಿ ಕುಡಿದೆ. ಮನೆಗೆ ಬಂದು ಮಾಮನ ಹಾಸಿಗೆ ಪಕ್ಕ ಕೂತು ಮೂವತ್ತೊಂದು ಮಗ್ಗವನ್ನೂ ನೆನಪಿನಿಂದ ನೇಯ್ದೆ. ಒಂದು ಎಳೆ ತಪ್ಪಲಿಲ್ಲ.

ಕೊನೆಯ ಮಗ್ಗಕ್ಕೆ ಬಂದಾಗ ಮಾಮ ಕೇಳಿದ, “ಬೆಳ್ಳಿಯಪ್ಪಂದು?”

ಬೆಳ್ಳಿಯಪ್ಪನದು ಬೀದಿಯ ಕಟ್ಟಕಡೆಯ ಮನೆ. ಅವನ ಮಗ್ಗ ನನಗೆ ಎಲ್ಲಕ್ಕಿಂತ ಸುಲಭ. ಟಕ್ಕು, ಟಕ್ಕು, ಟಕ್ಕು. ಗಡಿಯಾರಗಳೇ ಅವನ ಮನೆ ಮುಂದೆ ನಿಂತು ತಮ್ಮನ್ನು ತಿದ್ದಿಕೊಳ್ಳಬೇಕು, ಅಷ್ಟು ಸಮ.

“ಸೆರಿಯಾ?” ಅಂದ ಮಾಮ.

“ಸೆರಿ ಮಾಮಾ.”

ಶನಿವಾರವೂ ಸೆರಿ. ಭಾನುವಾರವೂ ಸೆರಿ.

ಸೋಮವಾರ ಅಮಾವಾಸ್ಯೆ.

ಅಮಾವಾಸ್ಯೆಯ ದಿನ ನಮ್ಮವರು ಮಗ್ಗ ಮುಟ್ಟುವುದಿಲ್ಲ. ಲಾಳಿಯನ್ನು ತೊಳೆದು, ಅರಿಶಿನ ಇಟ್ಟು, ಹಲಗೆಯ ಮೇಲೆ ಮಲಗಿಸುತ್ತಾರೆ. ಬೀದಿಗೆ ಬೀದಿಯೇ ಚೌಡೇಶ್ವರಿ ಗುಡಿಗೆ ಹೋಗುತ್ತದೆ. ಜ್ವರ ಬಿಟ್ಟಿದ್ದ ಮಾಮನೂ ಹೋದ. ನಾನು ಹೊಟ್ಟೆನೋವು ಎಂದು ಹಿಂದೆ ಉಳಿದೆ, ಗಿರಣಿಗೆ ಅರ್ಜಿ ಬರೆಯುವುದಿತ್ತು.

ಜಗಲಿಯಲ್ಲಿ ಕೂತು ‘ಮಹಾಶಯರೇ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಬೀದಿ ಎಂದೂ ಇಲ್ಲದಷ್ಟು ಖಾಲಿ. ಕಾಗೆ ಕಾಲಿಟ್ಟದ್ದೂ ಕೇಳುವಷ್ಟು.

ಆಗ ಕೇಳಿತು.

ಟಕ್ಕು… … ಟ.

ಪೆನ್ನು ನಿಂತಿತು. ಇನ್ನೊಮ್ಮೆ. ಟಕ್ಕು… … ಟ. ಬಟ್ಟೆ ಸುತ್ತಿ ಬಡಿದ ಹಾಗೆ, ಕದ್ದು ಬಡಿದ ಹಾಗೆ. ಅಮಾವಾಸ್ಯೆಯಲ್ಲಿ ಮಗ್ಗ! ನಮ್ಮ ಬೀದಿಯಲ್ಲಿ ಹೆಣ ಎದ್ದು ಕೂತರೂ ಜನ ಅಷ್ಟು ಹೆದರುವುದಿಲ್ಲ. ಸದ್ದಿನ ಹಿಂದೆ ಹೋದೆ. ಅದು ನನ್ನನ್ನು ಕಟ್ಟಕಡೆಯ ಮನೆಗೇ ಕರೆದುಕೊಂಡು ಹೋಯಿತು.

ಬಾಗಿಲು ಹಾಕಿತ್ತು. ತಟ್ಟಿದೆ. ಸದ್ದು ಕತ್ತರಿಸಿದ ಹಾಗೆ ನಿಂತಿತು.

“ಯಾರು?” ಬೆಳ್ಳಿಯಪ್ಪನ ಹೆಂಡತಿ ರಾಮಾಯಿಯ ದನಿ.

“ನಾನು ಅಕ್ಕಾ, ಗೋಪಾಲು.”

“ಅವ್ರು ಮನಗವ್ರೆ. ಹೋಗು ತಂಬಿ.”

“ಮನಗಿರೋರು ಮಗ್ಗ ಆಡ್ತಾರಾ ಅಕ್ಕಾ?”

ಅಗುಳಿ ಸರಿಯಿತು. ಮೊದಲು ಬಂದದ್ದು ವಾಸನೆ. ಅರೆದ ಬೇವಿನಸೊಪ್ಪು, ಅದರ ಕೆಳಗೆ ಇನ್ನೊಂದು, ಸಿಹಿಯಾಗಿ ಕೊಳೆತದ್ದು. ಬೆಳ್ಳಿಯಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ನಮ್ಮ ಮಗ್ಗಗಳೆಲ್ಲ ಹಾಗೇ, ನೆಲದಲ್ಲಿ ಸೊಂಟದವರೆಗೆ ಗುಂಡಿ, ಗುಂಡಿಯ ತಳದಲ್ಲಿ ಮೆಟ್ಟುವ ಎರಡು ಹಲಗೆ, ಬಲಗಾಲಿಗೊಂದು ಎಡಗಾಲಿಗೊಂದು. ಹೊರಗಿನಿಂದ ನೋಡಿದವರಿಗೆ ನೇಕಾರನಿಗೆ ಕಾಲೇ ಕಾಣುವುದಿಲ್ಲ. ಅದರಿಂದಲೇ ಇಷ್ಟು ದಿನ ಮುಚ್ಚಿಟ್ಟಿದ್ದ.

“ನೋಡ್ಬ್ಯಾಡ” ಅಂದ.

ನೋಡಿದೆ. ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಪಾದ ಹಲಸಿನಕಾಯಿಯ ಹಾಗೆ ಊದಿತ್ತು. ಹಿಮ್ಮಡಿಯಿಂದ ಮೊಣಕಾಲ ಕಡೆಗೆ ಒಂದು ಕೆಂಪು ಗೆರೆ, ಯಾರೋ ನೂಲಿಗೆ ಬಣ್ಣ ಅದ್ದಿ ಎಳೆದ ಹಾಗೆ, ಹತ್ತುತ್ತಿತ್ತು.

“ಗುರುವಾರ ಹಲಗೆ ಆಣಿ ಚುಚ್ಚಿತು” ಎಂದಳು ರಾಮಾಯಿ. “ತುಕ್ಕು ಹಿಡಿದ ಮೊಳೆ. ಶುಕ್ರವಾರಕ್ಕೆ ಊದ್ತು. ಸುಮ್ನೆ ಇರಿ ಅಂದ್ರೆ ಕೇಳಲಿಲ್ಲ.”

“ಸುಮ್ನಿದ್ರೆ ಮಗ್ಗ ನಿಲ್ತದೆ. ಮಗ್ಗ ನಿಂತ್ರೆ ಎಲ್ಲಾರೂ ಬರ್ತಾರೆ” ಅಂದ ಬೆಳ್ಳಿಯಪ್ಪ. ಹಲ್ಲು ಕಟಕಟ ಅನ್ನುತ್ತಿದ್ದವು, ಮೈಯೆಲ್ಲ ಕೆಂಡ. “ಆಸ್ಪತ್ರಿಗೆ ಹಾಕ್ತಾರೆ. ಕುರುಡಂಪಾಳ್ಯದ ಬಡಗಿ ಎರಡು ಕಾಲಲ್ಲಿ ಹೋದ, ಒಂದು ಕಾಲಲ್ಲಿ ಬಂದ. ಒಂದು ಕಾಲಲ್ಲಿ ಮರ ಕೊಯ್ಬೋದು ತಂಬಿ. ಸೀರೆ ನೇಯಾಕಾಗಲ್ಲ. ನನ್ ಮಗ್ಗದಾಗೆ ಇನ್ನೊಬ್ಬನ್ನ ಕೂರಿಸ್ತಾರೆ. ದಿನಾ ಅರ್ಧ ಮೊಳ ಬಟ್ಟೇನೂ ಏಳಲಿಲ್ಲ, ಅದಕ್ಕೇ ಇವತ್ತು… ದೇವಿ ಏನ್ ಮಾಡ್ತಾಳೋ ಮಾಡ್ಲಿ.”

ಆಮೇಲೆ ಅವನು ಹೇಳಿದ ಮಾತು ಇಂದಿಗೂ ನನ್ನ ಬಾಯಲ್ಲಿ ಅವನದೇ ದನಿಯಲ್ಲಿ ಬರುತ್ತದೆ, ನಾನು ಬೇಡವೆಂದರೂ.

“ನಿನ್ ಮಾಮ ದಿನಾ ಬಾಗಿಲ ಮುಂದೆ ನಿಲ್ತಿದ್ದ. ಶುಕ್ರವಾರದಿಂದ ಅವನೂ ಬರ್ಲಿಲ್ಲ, ನೀನೂ ಬರ್ಲಿಲ್ಲ. ಬಂದಿದ್ರೆ ಕೇಳ್ದೇಟಿಗೇ ಒಳಗೆ ಬಂದ್ಬಿಡ್ತಿದ್ದ. ಬರ್ಬಾರ್ದು ಅಂತ ಬೇಡ್ಕೊಂಡೆ. ಬರ್ಲಿ ಅಂತ್ಲೂ ಬೇಡ್ಕೊಂಡೆ.”

ಎಂದರೆ ಬೀದಿಯಲ್ಲಿ ಒಬ್ಬನಿಗಾದರೂ ಗೊತ್ತಿತ್ತು, ಮಾಮ ಅಲ್ಲಿ ನಿಲ್ಲುವುದು ಏತಕ್ಕೆ ಎಂದು. ಜೊತೆಯಲ್ಲೇ ನಡೆದ ನನಗೆ ಗೊತ್ತಿರಲಿಲ್ಲ.

“ಹೇಳ್ಬ್ಯಾಡ ತಂಬಿ” ಎಂದು ಅವನು ಕೈ ಮುಗಿದ. “ನಾಳೆ ಇಳೀತದೆ.”

ಗುಡಿಗೆ ಓಡಿದೆ. ಓಡುವಾಗ ನನ್ನೊಳಗೆ ಇಬ್ಬರು ಜಗಳವಾಡುತ್ತಿದ್ದರು, ಇಬ್ಬರ ದನಿಯೂ ನನ್ನದೇ. ಒಬ್ಬ ಹೇಳಿದ, ಇವತ್ತು ಬೆಳಗ್ಗೆ ಚುಚ್ಚಿತು ಅನ್ನು, ಯಾರು ಕೇಳುತ್ತಾರೆ. ಇನ್ನೊಬ್ಬ ಕೆಂಪು ಗೆರೆಯನ್ನು ತೋರಿಸಿದ. ಅದು ಎಷ್ಟು ದಿನದ್ದು ಎಂದು ಆಸ್ಪತ್ರೆಯಲ್ಲಿ ಕೇಳದೆ ಬಿಡುತ್ತಾರಾ? ತಪ್ಪು ದಿನ ಹೇಳಿದ್ದಕ್ಕೆ ತಪ್ಪು ಮದ್ದು ಕೊಟ್ಟರೆ?

ಗುಡಿಯ ಅಂಗಳದಲ್ಲಿ ಜನ ತಂಬಿಟ್ಟಿಗೆ ಕೈ ಚಾಚಿ ಕೂತಿದ್ದರು. ಎಲ್ಲರ ಮುಂದೆ ಕೂಗಿ ಹೇಳುವ ಹಾಗಿಲ್ಲ, ಮೆಲ್ಲಗೆ ಹೇಳಿದರೆ ಮಾಮನಿಗೆ ಕೇಳುವ ಹಾಗಿಲ್ಲ. ಅವನ ಬಲಗಿವಿಗೆ ಬಾಯಿಟ್ಟೆ.

ಟಕ್ಕು… … ಟ.

ಮಾಮನ ಕೈಯ ತಂಬಿಟ್ಟು ಹಾಗೇ ನಿಂತಿತು.

“ಎಡಗಾಲಾ?” ಅಂದ.

ನಾನು ತಲೆಯಾಡಿಸಿದೆ.

“ಬೆಳ್ಳಿಯಪ್ಪನಾ?”

ಮತ್ತೆ ತಲೆಯಾಡಿಸಿದೆ. ಎದ್ದು ನಿಂತ. ಅಮಾವಾಸ್ಯೆ ದಿನ ಮಗ್ಗ ಆಡಿದ್ದು ಏಕೆ ಎಂದು ಅವನು ಕೇಳಲೇ ಇಲ್ಲ. ಕೇಳಿದ್ದು ಒಂದೇ.

“ಯಾವತ್ತಿಂದ?”

“ಶುಕ್ರವಾರದಿಂದ.”

“ಶುಕ್ರವಾರ ನೀನು…”

“ನಾನು ಹೋಗ್ಲಿಲ್ಲ ಮಾಮಾ. ಮೂರು ದಿನವೂ ಹೋಗ್ಲಿಲ್ಲ. ಕಾಫಿ ಕ್ಲಬ್ಬಲ್ಲಿ ಕೂತಿದ್ದೆ. ನೆನಪಿಂದ ಮಾಡ್ದೆ.”

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ, ದಿನಾ ಮನೆಗಳ ಮುಂದೆ ನಿಂತು ಕಡ್ಡಿ ಜಗಿಯುವಾಗ ಬಾಗಿಲನ್ನು ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ ನಡೆದ. ಜ್ವರದಿಂದ ಎದ್ದ ಕಾಲು, ನಾನು ಓಡಿದರೂ ಹಿಂದೆ ಬಿದ್ದೆ. ಎಜಮಾನ ಎದ್ದು ಹೋದದ್ದು ಕಂಡು ಜನ ಒಬ್ಬರ ಹಿಂದೆ ಒಬ್ಬರು ಬಂದರು.

ಬೆಳ್ಳಿಯಪ್ಪ ಬಾಗಿಲಲ್ಲಿ ಅಷ್ಟು ತಲೆ ಕಂಡು ಗುಂಡಿಯಲ್ಲೇ ಕುಗ್ಗಿದ. ಮಗ್ಗದ ಮೇಲೆ ಬಟ್ಟೆ ಹಾಗೇ ಇತ್ತು. ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ತಪ್ಪಾಯ್ತು ಎಜಮಾನ್ರೇ. ಅಮಾವಾಸ್ಯೆ ದಿನ…”

“ದೇವಿ ಹತ್ರ ನಾನು ಮಾತಾಡ್ಕೋತೀನಿ. ನೀನು ಕಾಲು ಮ್ಯಾಲೆತ್ತು.”

“ಆಸ್ಪತ್ರಿ ಬ್ಯಾಡ.”

ಮಾಮ ಗುಂಡಿಯ ಅಂಚಿನಲ್ಲಿ ಕೂತ, ಅವನ ಪಕ್ಕಕ್ಕೆ. ಹಿಂದೆ ನಿಂತವರಿಗೂ ಕೇಳುವ ಹಾಗೆ, ಕಿವುಡರು ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿದ.

“ಬೆಳ್ಳಿ, ನಂಗೆ ಕಿವಿ ಕೇಳಲ್ಲ ಡಾ. ಎರಡು ವರ್ಷ ಆಯ್ತು. ಎಜಮಾನಿಕೆ ಹೋಗ್ತದೆ ಅಂತ ಮುಚ್ಚಿಟ್ಟೆ. ನೀನು ಮಗ್ಗ ಹೋಗ್ತದೆ ಅಂತ ಕಾಲು ಮುಚ್ಚಿಟ್ಟೆ. ನಂಗೆ ಕೇಳಿದ್ರೆ ಜ್ವರದಾಗೂ ಎದ್ದು ಬಂದಿರ್ತಿದ್ದೆ. ನಾನ್ ಮುಚ್ಚಿಟ್ಟದ್ದಕ್ಕೆ ನಿನ್ ಕಾಲು ಹಿಂಗಾಯ್ತು.”

ನನ್ನ ಹೆಸರು ಎತ್ತಲಿಲ್ಲ. ನಾನು ಕಾದೆ. ಎತ್ತಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದ ರಾಮಲಿಂಗಂ, “ಅಂದ್ರೆ ಎರಡು ವರ್ಷ ನಾನು ಬೈದದ್ದು ಒಂದೂ ಕೇಳ್ಲೇ ಇಲ್ವಾ?” ಅಂದ.

ಮಾಮ ಅವನ ತುಟಿ ನೋಡಿಕೊಂಡೇ ಉತ್ತರ ಕೊಟ್ಟ. “ಹೊಸಾದಾಗಿ ಏನಾದ್ರೂ ಬೈದಿದ್ಯಾ?”

“ಇಲ್ಲ, ಹಳೇವೇ.”

“ಹಂಗಾದ್ರೆ ಸೆರಿ. ನಿನ್ ವಂಡಿ ಕಟ್ಟು.”

ರಾಮಲಿಂಗಂ ಆಗಲೇ ಅರ್ಧ ಬೀದಿ ಓಡಿದ್ದ.

ರೈಲು ಸಾಯಂಕಾಲಕ್ಕೆ. ಕೋಯಮತ್ತೂರಿಗೆ ಏಳು ಮೈಲಿ, ಎತ್ತಿನಗಾಡಿ. ಹುಲ್ಲು ಹಾಕಿ, ಹುಲ್ಲಿನ ಮೇಲೆ ನಾಲ್ಕು ಮನೆಯ ಹಾಸಿಗೆ ಹಾಕಿದರು. ಬೆಳ್ಳಿಯಪ್ಪ ಗಾಡಿಯ ಪಟ್ಟಿ ಬಿಗಿಯಾಗಿ ಹಿಡಿದುಕೊಂಡು, “ಮಗ್ಗ…” ಅಂದ.

“ನಾನು ಕೂರ್ತೀನಿ” ಅಂದ ಮಾಮ. “ನೀನು ಬರೋವರ್ಗೂ ಆ ಗುಂಡೀಲಿ ಬೇರೆ ಕಾಲು ಇಳಿಯಲ್ಲ.”

“ನೀವಾ? ಹನ್ನೆರಡು ವರ್ಷ ಆಯ್ತಲ್ಲ ನೀವು ಕೂತು.”

“ಕಾಲಿಗೆ ಕಿವಿ ಬೇಕಿಲ್ಲ.”

ಆ ಏಳು ಮೈಲಿ ನನಗೆ ಎಣಿಸಲು ಬಾರದಷ್ಟು ಉದ್ದ. ಪ್ರತಿ ಕಲ್ಲಿಗೂ ಬೆಳ್ಳಿಯಪ್ಪ ಹಲ್ಲು ಕಚ್ಚುತ್ತಿದ್ದ. ಪ್ರತಿ ಸಲವೂ ನಾನು ಪಂಚೆ ಸರಿಸಿ ಕೆಂಪು ಗೆರೆ ಎಲ್ಲಿಗೆ ಬಂತು ಎಂದು ನೋಡುತ್ತಿದ್ದೆ. ಗೌಂಡಂಪಾಳ್ಯ ದಾಟುವಾಗ ಅದು ಮೊಣಕಾಲಿಗೆ ಎರಡು ಬೆರಳು ಕೆಳಗಿತ್ತು. ದೊಡ್ಡಾಸ್ಪತ್ರೆಯ ಗೇಟಿನ ಹತ್ತಿರ ಒಂದು ಬೆರಳು.

ಡಾಕ್ಟರು ಮೊಣಕಾಲು ಒತ್ತಿ ನೋಡಿದರು. “ಎಷ್ಟು ದಿನ?” ಎಂದು ತಮಿಳಿನಲ್ಲಿ ಕೇಳಿದರು.

“ನಾಲ್ಕು ದಿನ. ಗುರುವಾರದ್ದು” ಅಂದೆ. ಸರಿಯಾದ ದಿನ ಹೇಳಿದ್ದೊಂದೇ ಆ ವಾರ ನಾನು ಮಾಡಿದ ಒಳ್ಳೆಯ ಕೆಲಸ.

“ಎರಡು ದಿನ ಮೊದಲು ತಂದಿದ್ದರೆ ಸುಮ್ಮನೆ ಕೀವು ತೆಗೆದು ಕಳಿಸುತ್ತಿದ್ದೆ” ಅಂದರು. ಬಾಗಿಲು ಮುಚ್ಚಿತು.

ಹೊರಗೆ ಮರದ ಕೆಳಗೆ ಕೂತೆವು. ರಾಮಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ರಾಮಲಿಂಗಂ ಎತ್ತುಗಳಿಗೆ ನೀರು ತರಲು ಮೂರು ಸಲ ಹೋದ, ಎತ್ತುಗಳು ಕುಡಿದದ್ದು ಒಂದೇ ಸಲ. ಮಾಮ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಬಾಗಿಲಿಗೆ ತುಟಿ ಇಲ್ಲ. ಅವನಿಗೆ ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ.

“ಗೋಪಾಲು, ಒಳಗೆ ಕಿರುಚ್ತಾ ಇದ್ದಾನಾ?”

ಕಿರುಚುತ್ತಿದ್ದ. ರಾಮಾಯಿ ಕಣ್ಣಲ್ಲೇ ಬೇಡ ಅಂದಳು. ಜ್ವರ ಬಿಟ್ಟ ಮುದುಕ, ಕೆನ್ನೆ ಒಳಗೆ ಹೋಗಿತ್ತು. ‘ಇಲ್ಲ ಮಾಮಾ, ಸೆರಿಯಾಗಿದ್ದಾನೆ’ ಎಂಬುದು ನಾಲಗೆ ತುದಿಯಲ್ಲಿತ್ತು, ಮೂರು ದಿನ ಅಭ್ಯಾಸ ಮಾಡಿದ ಮಾತು.

“ಹೌದು ಮಾಮಾ. ಕಿರುಚ್ತಾ ಇದ್ದಾನೆ.”

“ಜೋರಾಗಾ?”

“ಜೋರಾಗಿ.”

ಮಾಮ ಕಣ್ಣು ಮುಚ್ಚಿಕೊಂಡು ನನ್ನ ತೊಡೆಯ ಮೇಲೆ ಕೈ ಇಟ್ಟ. “ಒಳ್ಳೇದು. ಕಿರುಚೋವಷ್ಟು ಜೀವ ಐತೆ. ನಿಂತ್ರೆ ಹೇಳು.”

ಅದು ನಿಲ್ಲುವವರೆಗೂ ನಾನು ಕೇಳುತ್ತಲೇ ಇದ್ದೆ. ನಿಂತಾಗ ಅವನ ತೋಳು ಹಿಡಿದೆ. ಇಬ್ಬರೂ ಎದ್ದು ನಿಂತೆವು. ಬಾಗಿಲು ತೆರೆಯಿತು.

ಎರಡು ಬೆರಳು ಹೋಗಿದ್ದವು. ಕಾಲು ಉಳಿಯುತ್ತದೋ ಇಲ್ಲವೋ ಎಂಟು ದಿನ ನೋಡಬೇಕು ಎಂದರು.

ಮಾರನೇ ದಿನದಿಂದ ಮಾಮ ಬೆಳ್ಳಿಯಪ್ಪನ ಗುಂಡಿಯಲ್ಲಿ ಕೂತ. ಎಜಮಾನ ಮಗ್ಗಕ್ಕೆ ಇಳಿದದ್ದನ್ನು ಬೀದಿ ಬಾಯಿ ಬಿಟ್ಟು ನೋಡಿತು. ಸಾಯಂಕಾಲ ಅತ್ತೆ ಅವನ ಸೊಂಟಕ್ಕೆ ಎಣ್ಣೆ ಉಜ್ಜುತ್ತಾ, “ಎಜಮಾನಿಕೆ ಮಾಡೋ ವಯಸ್ನಾಗೆ ಜವಾನನ ಕೆಲಸ!” ಅನ್ನುತ್ತಿದ್ದಳು.

“ನನ್ ಮಗ್ಗ ಹೆಂಗೈತೆ ಡಾ?” ಎಂದು ಅವನು ನನ್ನ ಕೇಳಿದ.

“ಮಳೆಗಾಲದ ಕಪ್ಪೆ ಹಂಗೆ ಮಾಮಾ.”

“ಮಾಡಿ ತೋರ್ಸು.”

ತೋರಿಸಿದೆ. ನಗಲಿಲ್ಲ. “ಬಲಗಾಲು ತಡ ಆಗ್ತೈತೆ” ಅಂದ.

ಬೀದಿ ನಡೆಯುವ ಕೆಲಸ ನನ್ನೊಬ್ಬನದಾಯಿತು. ಮುಚ್ಚಿಡುವುದೇನೂ ಇಲ್ಲದ್ದರಿಂದ ಜನ ಒಳಗಿನಿಂದಲೇ ಕೂಗುತ್ತಿದ್ದರು, “ಕಿವಿ ಬಂತು, ಕಿವಿ!” ನಾನು ಪ್ರತಿ ಬಾಗಿಲ ಮುಂದೆಯೂ ನಿಂತೆ. ಬೇವಿನ ಕಡ್ಡಿ ಏತಕ್ಕೆ ಎಂದು ಆಗ ತಿಳಿಯಿತು. ಬಾಯಿ ತುಂಬಿದ್ದರೆ ಮಾತು ಬರುವುದಿಲ್ಲ, ಕೇಳಲೇಬೇಕಾಗುತ್ತದೆ. ಗಿರಣಿಯ ಅರ್ಜಿ ಜಗಲಿಯ ಮೇಲೆ ‘ಮಹಾಶಯರೇ’ ಎಂಬಲ್ಲೇ ಉಳಿದಿತ್ತು. ಹರಿಯಲೂ ಇಲ್ಲ, ಮುಗಿಸಲೂ ಇಲ್ಲ.

ಎಂಟು ದಿನ ಕಳೆದು, ಕಾಲು ಉಳಿಯಿತು ಎಂದರು. ಐದನೇ ವಾರ ಬೆಳ್ಳಿಯಪ್ಪ ಕೋಲೂರಿಕೊಂಡು ಬಂದ. ಮಾಮ ಎದ್ದು ಜಾಗ ಬಿಟ್ಟ. ಮಾರನೇ ಬೆಳಗ್ಗೆ ನಾನು ಬೆಳ್ಳಿಯಪ್ಪನ ಬಾಗಿಲ ಮುಂದೆ ಬಹಳ ಹೊತ್ತು ನಿಂತೆ. ಆ ಗಡಿಯಾರದ ಸಮ ಹೋಗಿತ್ತು. ಟಕ್ಕು, ಟ-ಕ್ಕು. ಟಕ್ಕು, ಟ-ಕ್ಕು. ಎಡಗಾಲು ಹಲಗೆಯನ್ನು ಹುಡುಕಿಕೊಂಡು ಹೋಗಿ ಮೆಟ್ಟುತ್ತಿತ್ತು. ಇದು ನೋವಾ, ಅಥವಾ ಬೆರಳಿಲ್ಲದ ಕಾಲಿನ ಹೊಸ ನಡಿಗೆಯಾ? ಇನ್ನು ಮೇಲೆ ಇದೇ ಸರಿಯಾ, ಅಥವಾ ಒಳಗೆ ಮತ್ತೆ ಏನೋ ಕೊಳೆಯುತ್ತಿದೆಯಾ? ಹೋಲಿಸಿ ನೋಡಲು ನನ್ನ ನೆನಪಿನಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದು ಮೂವತ್ತು ಮಗ್ಗ ಮುಗಿಸಿ ಕೊನೆಯದನ್ನು ಮಾಮನ ಕಿವಿಗೆ ಮಾಡಿದೆ.

“ಸೆರಿಯಾ?” ಅಂದ.

“ಗೊತ್ತಿಲ್ಲ ಮಾಮಾ” ಅಂದೆ. “ಒಳಗೆ ಹೋಗಿ ಕಾಲು ನೋಡ್ಕೊಂಡ್ ಬರ್ತೀನಿ.”

ಮಾಮ ತನ್ನ ಬಾಯಿಂದ ಬೇವಿನ ಕಡ್ಡಿ ತೆಗೆದು ಬಾಗಿಲ ಕಡೆ ತೋರಿಸಿದ. ನಾನು ಆಗಲೇ ಹೊಸ್ತಿಲು ದಾಟಿದ್ದೆ.